ಕೈ ನೆನೆಸಲು ಸಮುದ್ರ ದಾಟಿದ್ದು

ಕೀರ್ತನಾ, ಅಶ್ವಿನ್, ನಾನು ಬಂದ ದಿನದಿಂದ ನೀವಿಬ್ಬರೂ ಒಂದೇ ಸಮ ಕೇಳುತ್ತಿದ್ದೀರಿ. ಅಜ್ಜಿ, ವಿಮಾನ ಹೇಗಿತ್ತು? ಸಮುದ್ರ ಹೇಗಿತ್ತು? ಮಾರಿಷಸ್‌ನಲ್ಲಿ ಏನು ಕುಡಿದೆ? ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಅದು ನಿಮಗೆ ಗೊತ್ತು. ನೀವಿಬ್ಬರೇ ಆದರೂ, ಒಟ್ಟಿಗೆ ನನ್ನ ಮುಖ ನೋಡಿದಿರೆಂದರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೊಸೂರು ಕಡೆಯ ನನ್ನ ತವರೂರಲ್ಲಿ ಎಂಟನೇ ತರಗತಿಯವರೆಗೆ ಕನ್ನಡ ಶಾಲೆ ಇತ್ತು. ನಾನು ಕಲಿತಿದ್ದು ಅಷ್ಟೇ. ನಿಮಗೆ ತಮಿಳು ಓದಲು ಬರುತ್ತದೆ, ಇದು ಬರುವುದಿಲ್ಲ. ನಿಮ್ಮ ಅವ್ವನಿಗೆ ನಾನೇ ಅಕ್ಷರ ತಿದ್ದಿಸಿದ್ದೇನೆ. ಅವಳು ಓದಿ ಹೇಳುತ್ತಾಳೆ.

ನಾನು ಊರು ನೋಡಲು ಹೋದವಳಲ್ಲ. ಸೇಲಂನಲ್ಲಿ ಕೇಟರಿಂಗ್ ಓದಿ ಆ ದ್ವೀಪದ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ ನಿಮ್ಮ ಚಿಕ್ಕವ್ವ ಗೌರಿಗೆ ಅಲ್ಲಿಯ ಹುಡುಗನೊಬ್ಬ ಇಷ್ಟವಾಗಿದ್ದ. ಹೆಸರು ಸೆಲ್ವೆನ್, ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. "ಅವ್ವಾ, ನೀ ಬಂದು ನೋಡು. ನೀ ಬ್ಯಾಡ ಅಂದ್ರೆ ನಂಗೂ ಬ್ಯಾಡ" ಎಂದು ಗೌರಿ ಫೋನಿನಲ್ಲಿ ಹೇಳಿದಳು. ಕೊನೆಗೆ ಏನಾಯಿತೆಂದು ನಿಮಗೆ ಗೊತ್ತು. ಹೇಗಾಯಿತೆಂದು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ.

ಅದಕ್ಕೆ ಮೊದಲು ನಮ್ಮ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ಸಂಬಂಧ ನೋಡಲು ಹೋದವರು ಒಪ್ಪಿಗೆ ಆಗುವ ತನಕ ಆ ಮನೆಯಲ್ಲಿ ಕೈ ನೆನೆಸುವುದಿಲ್ಲ. ಎಂದರೆ, ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಬರೀ ನೀರಾದರೆ ಪರವಾಗಿಲ್ಲ. ಆ ನೀರಿಗೆ ಬೆಲ್ಲವೋ ನಿಂಬೆಯೋ ಬೆರೆತರೆ, ಉಪ್ಪು ತಾಕಿದರೆ, ಒಲೆ ಮೇಲೆ ಬಿಸಿಯಾದರೆ ಮುಗಿಯಿತು: ಹುಡುಗಿಯನ್ನು ಕೊಟ್ಟ ಹಾಗೆ. ಕೈ ನೆನೆಸುವವರು ಗಂಡಸರು. ನಿಮ್ಮ ಅವ್ವನ ಸಂಬಂಧಕ್ಕೆ ಹೋದಾಗ ನಿಮ್ಮ ದೊಡ್ಡತಾತ, ಅಂದರೆ ನಮ್ಮ ಬಾವ, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿದ್ದರು. ನಾನು ಮನೆಯಲ್ಲೇ ಇದ್ದೆ. ಗಂಡ ಇಲ್ಲದವಳು ಅಂಥ ಕೆಲಸಕ್ಕೆ ಎದುರು ಬರಬಾರದಲ್ಲ. ಸಂಜೆ ಬಾವ ಹಿಂತಿರುಗಿದಾಗ ಅವರ ತುಟಿ ಮೇಲೆ ಎಲೆ ಅಡಿಕೆಯ ಕೆಂಪಿತ್ತು. ನನ್ನ ಮಗಳಿಗೆ ಮದುವೆ ಗೊತ್ತಾಯಿತೆಂದು ನನಗೆ ತಿಳಿದದ್ದು ಆ ಕೆಂಪು ನೋಡಿ.

ಈ ಸಲ ಬಾವ ಬರಲಿಲ್ಲ. ಕುರಿ ಬಿಟ್ಟು ಕಂಬೈನಲ್ಲೂರಿನ ಆಚೆ ಒಂದು ದಿನವೂ ಕದಲದವರು. "ಅಷ್ಟು ನೀರ್ ದಾಟೋಕೆ ನನ್ ಕೈಲಾಗಲ್ಲ ಮಾದಮ್ಮಾ. ನೀ ಓಗಿ ನೋಡ್ಕಂಡ್ ಬಾ. ಏನಿದ್ರೂ ಪೋನ್ ಮಾಡು, ನಾ ಏಳ್ತೀನಿ. ಕೈ ಮಾತ್ರ ನೆನ್ಸ್ಬುಟ್ಟೀಯ, ಉಷಾರು!" ಎಂದರು. ಸರಿ ಬಾವ ಎಂದು ತಲೆ ತಗ್ಗಿಸಿ ಹೊರಟೆ.

ಮೋಡದ ಮೇಲೆ

ಹರೂರಿನಿಂದ ಸೇಲಂ ಬಸ್ಸಿನಲ್ಲಿ ಕೂಡ ನಾನು ಯಾವತ್ತೂ ಕಿಟಕಿ ಸೀಟು ಕೇಳಿದವಳಲ್ಲ. ವಿಮಾನದಲ್ಲಿ ತಾನಾಗಿ ಸಿಕ್ಕಿತು. ಮೇಲೇರುವಾಗ ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತಿದ್ದೆ. ತೆರೆದರೆ ಕೆಳಗೆ ಉಣ್ಣೆ. ನಿಮ್ಮ ತಾತ ಬೇಸಿಗೆಗೆ ಮುಂಚೆ ಕುರಿಗಳ ತುಪ್ಪಟ ಕತ್ತರಿಸಿ ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ಅದೇ ರಾಶಿ, ಅದೇ ಬೂದಿ ಬಿಳುಪು, ಆದರೆ ದಿಕ್ಕು ದಿಕ್ಕಿಗೂ, ಕಣ್ಣು ಹೋದಷ್ಟು ದೂರಕ್ಕೂ. ಇಷ್ಟೊಂದು ಉಣ್ಣೆಯ ಕುರಿಗಳನ್ನು ಕಾಯುವವನು ಯಾರಪ್ಪಾ ಎಂದುಕೊಂಡೆ. ಗಾಜಿಗೆ ಹಣೆ ಒತ್ತಿ ನೋಡುತ್ತಲೇ ಇದ್ದೆ. ಊಟದ ತಟ್ಟೆ ಬಂದದ್ದು ತಿಳಿಯಲಿಲ್ಲ. ನೀರು ಬೇಕು ಎಂದು ತಟ್ಟೆ ತಂದ ಹುಡುಗಿಯನ್ನು ಕೇಳಲು ನಾಚಿಕೆಯಾಗಿ ಇಳಿಯುವ ತನಕ ಬಾಯಾರಿಕೊಂಡೇ ಕೂತಿದ್ದೆ.

ಇಳಿದ ಮೇಲೆ ಒಂದು ಫಜೀತಿ ಆಯಿತು. ಗಾಜಿನ ಹಿಂದೆ ಕೂತ ಹೆಂಗಸಿಗೆ ಪಾಸ್‌ಪೋರ್ಟ್ ಕೊಟ್ಟು "ಟೂರಿಸ್ಟ್" ಎಂದು ಹೇಳಬೇಕೆಂದು ಗೌರಿ ನನಗೆ ಹತ್ತು ಸಲ ಬಾಯಿಪಾಠ ಮಾಡಿಸಿದ್ದಳು. ಆ ಹೆಂಗಸು ನಮ್ಮ ಓಮಲೂರು ಸಂತೆಯಲ್ಲಿ ಕಾಣುವವರ ಹಾಗೇ ಇದ್ದಳು. ಅವಳ ಮುಖ ನೋಡಿದ್ದೇ ತಡ, ಸುಳ್ಳು ಬಾಯಿಗೆ ಬರಲಿಲ್ಲ. "ಮಾಪಿಳ್ಳೈ ಪಾಕ್ಕ ವಂದೇನ್" ಎಂದುಬಿಟ್ಟೆ. ಅಳಿಯನನ್ನು ನೋಡೋಕೆ ಬಂದೆ ಅಂತ. ಅವಳಿಗೆ ತಮಿಳು ಬಾರದು. ಆದರೆ ಮಾಪಿಳ್ಳೈ ಎನ್ನುವ ಒಂದು ಮಾತು ಅವರ ಕಡೆಯೂ ಉಳಿದಿತ್ತೋ ಏನೋ, ಪಕ್ಕದವಳನ್ನು ಕರೆದು ಏನೋ ಹೇಳಿದಳು. ಇಬ್ಬರೂ ನಕ್ಕರು. ನನ್ನ ಪುಸ್ತಕಕ್ಕೆ ಟಪ್ಪೆಂದು ಮುದ್ರೆ ಒತ್ತಿ ಕೈ ಮುಗಿದಳು.

ಕಲ್ಲಿನ ಗುಡ್ಡೆಗಳು

ಗೌರಿ ಕಾರಿನಲ್ಲಿ ಕರೆದುಕೊಂಡು ಹೋಗುವಾಗ ನೋಡಿದೆ, ಆ ಊರೆಲ್ಲ ಕಬ್ಬು. ನಮ್ಮ ಧರ್ಮಪುರಿ ಕಡೆಯೂ ಕಬ್ಬು ಬೆಳೆಯುತ್ತಾರೆ, ಆದರೆ ಅಲ್ಲೊಂದು ತುಂಡು ಇಲ್ಲೊಂದು ತುಂಡು. ಅಲ್ಲಿ ಬೆಟ್ಟದ ಬುಡದಿಂದ ಸಮುದ್ರದ ಅಂಚಿನವರೆಗೆ ಒಂದೇ ಹಸಿರು. ಅದರ ನಡುನಡುವೆ ಮನೆಯಷ್ಟು ಎತ್ತರಕ್ಕೆ ಕಪ್ಪು ಕಲ್ಲುಗಳನ್ನು ಒಪ್ಪವಾಗಿ ಪೇರಿಸಿಟ್ಟಿದ್ದಾರೆ. ಏನು ದೇವಸ್ಥಾನವೋ ಎಂದುಕೊಂಡೆ.

"ಅಲ್ಲವ್ವಾ," ಎಂದಳು ಗೌರಿ. "ಕಬ್ ನಡೋಕೆ ಮುಂಚೆ ಈ ನೆಲದಲ್ ಇದ್ದ ಕಲ್ಲು ಅವೆಲ್ಲ. ನಮ್ ಕಡೆಯಿಂದ ಕೂಲಿಗೆ ಬಂದೋರು ಒಂದೊಂದಾಗಿ ಕೈಲಿ ಎತ್ತಿ ಆಕಿದ್ದು. ಸೆಲ್ವೆನ್ ಮುತ್ತಾತನ ತಾತನೂ ಎತ್ತಿದ್ನಂತೆ."

ಕಾರು ನಿಲ್ಲಿಸು ಎಂದೆ. ಇಳಿದು ಒಂದು ಕಲ್ಲಿನ ಮೇಲೆ ಕೈ ಇಟ್ಟೆ. ಬಿಸಿಲಿಗೆ ಕಾದಿತ್ತು. ನಾವೂ ಹೊಲದ ಕಲ್ಲು ಆರಿಸಿ ಬದುವಿಗೆ ಹಾಕಿದವರೇ. ಒಂದು ಬೇಸಿಗೆಯಲ್ಲಿ ಒಂದು ಮೊಳ ಬದು ಏಳುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಇದನ್ನು ಎಷ್ಟು ಸೊಂಟಗಳು ಎತ್ತಿದವೋ. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಊರಿಗೆ ಒಂದು ಕಾಗದ ಬರೆಯಲೂ ಆಗಲಿಲ್ಲವಂತೆ.

ಶಿವಗಾಮಿಯ ಜಗುಲಿ

ನಾನು ಉಳಿದದ್ದು, ಉಂಡದ್ದು ಗೌರಿಯ ಬಾಡಿಗೆ ಕೋಣೆಯಲ್ಲಿ; ಅಲ್ಲಿಂದ ಹುಡುಗನ ಮನೆಗೆ ಹೋದೆವು. ಅವನ ತಾಯಿ ಶಿವಗಾಮಿ. ನನಗಿಂತ ಎರಡು ವರ್ಷ ದೊಡ್ಡವಳು, ನೋಡಿದರೆ ಹತ್ತು ವರ್ಷ ಚಿಕ್ಕವಳು. ಹೂ ಹೂವಿನ ಗೌನು, ಹಣೆಗೆ ದೊಡ್ಡ ಕುಂಕುಮ, ತಲೆಗೆ ಕೆಂಪು ದಾಸವಾಳ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು, ಈಗ ಮನೆಯಲ್ಲೇ. ಮಾತಾಡುವುದು ಅವರ ಕ್ರಿಯೋಲ್ ಭಾಷೆ, ನಡುವೆ ಗುಡಿಯಲ್ಲಿ ಕಲಿತ ನಾಲ್ಕು ತಮಿಳು ಮಾತು. ನನ್ನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ನನಗೆ ನಾಚಿಕೆಯಲ್ಲಿ ಕಿವಿ ಬಿಸಿಯಾಯಿತು.

ಗೋಡೆಯ ಉದ್ದಕ್ಕೂ ಒಂದು ಹಲಗೆ. ಅದರ ಮೇಲೆ ಸಾಲಾಗಿ ಗಾಜಿನ ಭರಣಿಗಳು. ಒಂದರಲ್ಲಿ ಅನಾನಸ್ ಹೋಳು, ಒಂದರಲ್ಲಿ ಕಿತ್ತಳೆ ಸಿಪ್ಪೆ, ಒಂದರಲ್ಲಿ ಬೀನ್ಸಿನಂಥ ಉದ್ದನೆಯ ಕಪ್ಪು ಕಾಯಿ, ಇನ್ನೊಂದರಲ್ಲಿ ಶುಂಠಿ. ಎಲ್ಲವೂ ಹೊಂಬಣ್ಣದ ನೀರಿನಲ್ಲಿ ಮುಳುಗಿದ್ದವು.

"ಇಷ್ಟೊಂದ್ ಉಪ್ಪಿನಕಾಯಾ!" ಎಂದೆ.

ಗೌರಿ ತುಟಿ ಕಚ್ಚಿಕೊಂಡಳು. "ಉಪ್ಪಿನ್ಕಾಯಲ್ಲ ಅವ್ವಾ. ರಮ್ಮು. ಕಬ್ಬಿನ ಸಾರಾಯಿ. ಅದ್ರಲ್ಲಿ ಅಣ್ಣು, ವೆನಿಲಾ ಎಲ್ಲ ಆಕಿ ತಿಂಗ್ಳುಗಟ್ಲೆ ಇಕ್ತಾರೆ. ಇಲ್ಲಿ ಎಲ್ಲಾರ್ ಮನೇಲೂ ಐತೆ."

ನಾನು ಕುರ್ಚಿಯ ತುದಿಗೆ ಜರುಗಿದೆ. ಶಿವಗಾಮಿ ನನ್ನ ಮುಖ ನೋಡಿ, ಭರಣಿ ತೋರಿಸಿ, ಬೆರಳಾಡಿಸಿ, ನಿಮಗೆ ಇದು ಬೇಡ, ಗೊತ್ತು ಎಂದು ಸನ್ನೆ ಮಾಡಿದಳು. ಆಮೇಲೆ ಶುರು ಮಾಡಿದಳು ನೋಡಿ. ನಾನು ಬೆರಗಾಗಿ ಕೂತುಬಿಟ್ಟೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಮೋಟು ಒನಕೆಯಿಂದ ಕುಟ್ಟಿದಳು. ತೆಂಗಿನ ಕಾಯಿ ತುರಿದು ಹಾಲು ಹಿಂಡಿದಳು. ಅಂಗೈಯಷ್ಟೇ ಇರುವ ಅನಾನಸ್‌ನ ತಲೆ ಕತ್ತರಿಸಿ, ಒಳಗಿನ ತಿರುಳನ್ನೆಲ್ಲ ತೋಡಿ, ಅದನ್ನೇ ಲೋಟ ಮಾಡಿದಳು! ತೆಂಗಿನ ಹಾಲು, ಅನಾನಸ್ ರಸ, ಕಬ್ಬಿನ ಪಾಕ ಬೆರೆಸಿ ಅದರಲ್ಲಿ ತುಂಬಿ, ಮೇಲೆ ಜಾಯಿಕಾಯಿ ತೇದಳು. ದೇವರಿಗೆ ಪಂಚಾಮೃತ ಮಾಡುವಾಗಲೂ ಇಷ್ಟು ಶ್ರದ್ಧೆಯನ್ನು ನಾನು ಕಂಡಿಲ್ಲ. ಒಂದನ್ನು ನನ್ನ ಮುಂದೆ ಇಟ್ಟಳು.

ನಾನು ಕೈ ಮುಗಿದೆ. ಬೇಡ.

ಹುಳಿ ಹೆಚ್ಚಿರಬಹುದೆಂದುಕೊಂಡಳೋ ಏನೋ, ದಾಸವಾಳದ ಕೆಂಪು ಶರಬತ್ತು ತಂದಳು. ಲೋಟದ ಅಂಚಿಗೆ ಸಕ್ಕರೆ ಹಚ್ಚಿತ್ತು. ಬೇಡ. ನಿಂಬೆ, ಪುದಿನ, ಐಸು ಬಂತು. ಬೇಡ. ಅನಾನಸ್ ಹೋಳಿಗೆ ಉಪ್ಪು ಕಾರ ಸವರಿ ತಂದಳು. ನಮ್ಮೂರ ಬಸ್ ನಿಲ್ದಾಣದಲ್ಲಿ ಮಾವಿನಕಾಯಿ ಮಾರುವ ಹಾಗೇ! ಬಾಯಲ್ಲಿ ನೀರು ಒಸರಿತು. ಬೇಡ.

"ಅವ್ವಾ, ಒಂದ್ ಗುಟುಕು," ಎಂದು ಗೌರಿ ಕಿವಿಯಲ್ಲಿ ಪಿಸುಗುಟ್ಟಿದಳು.

"ಗುಟ್ಕು ಕುಡುದ್ರೆ ನಿನ್ನ ಕೊಟ್ಟಂಗಾಯ್ತದೆ ಲೇ. ನಾ ಇನ್ನೂ ಯೋಚ್ನೆನೇ ಮಾಡಿಲ್ಲ. ನಿಮ್ ದೊಡ್ಡಪ್ಪ ಏನಂತಾರೆ?"

"ಇವ್ರಿಗೆ ಅದೆಲ್ಲ ಗೊತ್ತಿಲ್ವಲ್ಲವ್ವಾ."

"ಅಂಗಾರೆ ನೀನೇ ಅವ್ರಿಗೆ ಏಳು."

ಗೌರಿ ಹೇಳಲಿಲ್ಲ. ಆ ಪದ್ಧತಿ ಹೇಳಲು ಅವಳಿಗೆ ನಾಚಿಕೆ. ಹೇಳಿದರೆ ಅವ್ವನಿಗೆ ಒಪ್ಪಿಗೆ ಆಗಿಲ್ಲವೆಂದು ಹೇಳಿದ ಹಾಗೂ ಆಗುತ್ತದೆ. ನಾನು ಬರೀ ನೀರು ಕೇಳಿ ಕುಡಿದೆ. ಮೇಜಿನ ಮೇಲೆ ಮೂರು ಬಣ್ಣದ ಮೂರು ಲೋಟಗಳು ಬೆವರುತ್ತಾ ನಿಂತಿದ್ದವು. ಮೂಲೆಯಲ್ಲಿ ಕೂತಿದ್ದ ಸೆಲ್ವೆನ್ ಸದ್ದಿಲ್ಲದೆ ಒಂದೊಂದಾಗಿ ಎಲ್ಲವನ್ನೂ ತಾನೇ ಕುಡಿದ. ಹುಡುಗ ಒಳ್ಳೆಯವನಿರಬೇಕು ಎಂದು ಆಗ ಮೊದಲ ಸಲ ಅನ್ನಿಸಿತು.

ಗೌರಿ ನಿಲ್ಲುವ ಕಟ್ಟೆ

ಮೂರನೇ ದಿನ ಗೌರಿ ತನ್ನ ಹೋಟೆಲಿಗೆ ಕರೆದುಕೊಂಡು ಹೋದಳು. ನಮಗೆಲ್ಲ ಅವಳು "ಜ್ಯೂಸ್ ಸೆಕ್ಷನ್" ಎಂದು ಹೇಳಿದ್ದಳು, ನೆನಪಿದೆಯಾ? ಸಮುದ್ರಕ್ಕೆ ಮುಖ ಮಾಡಿದ ಒಂದು ಹುಲ್ಲಿನ ಮಾಡು, ಅದರ ಕೆಳಗೆ ಮರದ ಉದ್ದ ಕಟ್ಟೆ, ಹಿಂದೆ ಗೋಡೆ ತುಂಬ ಬಾಟಲಿ. ಆ ಬಾಟಲಿಗಳ ಮುಂದೆ ಕಪ್ಪು ಏಪ್ರನ್ ಕಟ್ಟಿ ನನ್ನ ಮಗಳು ನಿಂತಿದ್ದಳು.

"ಸಾರಾಯಿ ಅಂಗ್ಡೀಲಾ ನೀನು ನಿಂತಿರೋದು?" ಎಂದೆ.

"ಜ್ಯೂಸೂ ಮಾಡ್ತೀನವ್ವಾ."

"ಸುಳ್ಳಿ! ನೀನೂ ಕುಡೀತೀಯಾ?"

"ರುಚಿ ನೋಡ್ತೀನಿ. ನೀನು ಸಾರಿಗೆ ಉಪ್ಪು ನೋಡಲ್ವಾ, ಅಂಗೆ." ಒಂದು ಹೀರುಕೊಳವೆಯ ತುದಿಯನ್ನು ಲೋಟಕ್ಕೆ ಅದ್ದಿ, ಮೇಲೆ ಬೆರಳು ಮುಚ್ಚಿ ಎತ್ತಿ, ಒಂದೇ ಹನಿ ನಾಲಗೆಗೆ ಬಿಟ್ಟುಕೊಂಡು ತೋರಿಸಿದಳು. "ಇಷ್ಟೇ."

ನಾನು ಮೂಲೆಯ ಕುರ್ಚಿಯಲ್ಲಿ ಮುಖ ತಿರುಗಿಸಿ ಕೂತೆ. ಸಮುದ್ರ ನೋಡುತ್ತೇನೆ, ಇವಳನ್ನು ನೋಡುವುದಿಲ್ಲ ಎಂದು. ಸಮುದ್ರವೋ, ಒಂದು ಕಡೆ ಗಿಳಿ ಹಸಿರು, ಒಂದು ಕಡೆ ನವಿಲಿನ ಕತ್ತು. ಆದರೂ ಕಣ್ಣು ತಿರುಗಿ ತಿರುಗಿ ಅವಳ ಕೈಗೇ ಹೋಗುತ್ತಿತ್ತು. ಶುಂಠಿ ಜಜ್ಜುವುದು, ನಿಂಬೆಯನ್ನು ಒಂದೇ ಸಲ ಹಿಂಡಿ ಬಿಸಾಡುವುದು, ಸ್ಟೀಲಿನ ಎರಡು ಲೋಟಗಳನ್ನು ಬಾಯಿಗೆ ಬಾಯಿ ಕೊಟ್ಟು ಹೆಗಲ ಮೇಲೆ ಎತ್ತಿ ಕುಲುಕುವುದು. ಒಳಗೆ ಐಸು ಗಲಗಲ ಎನ್ನುತ್ತಿತ್ತು. ಓಮಲೂರು ನಿಲ್ದಾಣದ ಟೀ ಅಂಗಡಿಯವನು ಒಂದು ಗಜ ಎತ್ತರದಿಂದ ಟೀ ಎಳೆಯುತ್ತಾನಲ್ಲ, ಹಾಗೆ ಸುರಿದಳು, ಒಂದು ಹನಿ ಆಚೆ ಬೀಳಲಿಲ್ಲ. ಬಿಸಿಲಿಗೆ ಸುಟ್ಟು ಟೊಮೇಟೊ ಬಣ್ಣವಾಗಿದ್ದ ಒಬ್ಬ ಬಿಳಿ ಮುದುಕನೂ ಅವನ ಹೆಂಡತಿಯೂ, ಕಟ್ಟೆಯಲ್ಲಿ ಇನ್ನೊಬ್ಬ ಹುಡುಗ ಬಿಡುವಾಗಿದ್ದರೂ ಅವನ ಹತ್ತಿರ ಹೋಗದೆ ಗೌರಿಗಾಗಿ ಕಾದು ನಿಂತಿದ್ದರು. ಕುಡಿದು ಇಬ್ಬರೂ ಕಣ್ಣು ಮುಚ್ಚಿದರು.

ಅಡುಗೆಮನೆಯಲ್ಲಿ ನನಗೆ ಇದ್ದ ಕೈಹದ ನಿಮ್ಮ ಅವ್ವನಿಗೆ ಬರಲಿಲ್ಲ, ಅವಳು ಬೈದುಕೊಂಡರೂ ಸರಿ. ಅದು ಎಲ್ಲಿ ಹೋಯಿತೋ ಎಂದುಕೊಂಡಿದ್ದೆ. ಇಲ್ಲಿ ಬಂದು ಕೂತಿತ್ತು. ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಪಕ್ಕದಲ್ಲೇ ಇನ್ನೊಂದು ಏನೋ ಎದೆಯಲ್ಲಿ ಎದ್ದು ನಿಂತಿತ್ತು.

ಮರದ ಕೆಳಗಿನ ಮುನಿಯಪ್ಪ

"ಇವ್ರ್ ಕುಲ ಯಾವ್ದು, ಮನೆದೇವ್ರು ಯಾವ್ದು ಕೇಳು. ದೊಡ್ಡಪ್ಪ ಕೇಳ್ತಾರೆ," ಎಂದೆ ಮಾರನೇ ದಿನ ಶಿವಗಾಮಿಯ ಮನೆಯಲ್ಲಿ. ಗೌರಿ ಕೇಳಿದಳು. ಕುಲ ಶಿವಗಾಮಿಗೆ ಗೊತ್ತಿರಲಿಲ್ಲ. ಹಿರಿಯರು ಬಂದ ಊರಿನ ಹೆಸರೂ ಗೊತ್ತಿಲ್ಲ. ಆಮೇಲೆ ಒಂದು ಬಾಟಲಿ ಕೈಗೆತ್ತಿಕೊಂಡು, ಬನ್ನಿ ಎಂದು ಕಬ್ಬಿನ ಗದ್ದೆಯ ಅಂಚಿಗೆ ಕರೆದುಕೊಂಡು ಹೋದಳು.

ಅಲ್ಲೊಂದು ದೊಡ್ಡ ಮರ. ಬುಡದಲ್ಲಿ ಮೂರು ಕಲ್ಲು, ಕುಂಕುಮ, ನಿಂಬೆಹಣ್ಣು, ಅರ್ಧ ಸುಟ್ಟ ಸಿಗರೇಟು, ರಮ್ಮಿನ ಸಣ್ಣ ಬಾಟಲಿಗಳು. ನನ್ನ ಮೈ ಜುಮ್ಮೆಂದಿತು. ನಮ್ಮೂರ ಗಡಿಯಲ್ಲಿ ಚುಟ್ಟಾ, ಸಾರಾಯಿ ಇಟ್ಟು ಪೂಜೆ ಮಾಡುವ ಮುನಿಯಪ್ಪ! ಅವರು ಅವನನ್ನು ಮಿನಿಸ್ ಎನ್ನುತ್ತಾರೆ. ಕುಲ ಮರೆತರು, ಊರು ಮರೆತರು, ಭಾಷೆ ಹೋಯಿತು. ಇವನು ಹಡಗು ಹತ್ತಿ ಜೊತೆಗೆ ಬಂದು, ಕಾವಲಿಗೆ ಮರದ ಕೆಳಗೆ ಕೂತುಬಿಟ್ಟಿದ್ದಾನೆ. ನಾನು ಅಲ್ಲೇ ಅಡ್ಡ ಬಿದ್ದೆ.

ಶಿವಗಾಮಿ ಕಲ್ಲಿನ ಮೇಲೆ ರಮ್ಮು ಸುರಿದು, ಒಂದು ಸಿಗರೇಟು ಹಚ್ಚಿಟ್ಟು ಏನೋ ಹೇಳಿದಳು.

"ಇದು ಅವ್ರ್ ಗಂಡ ಸೇದ್ತಿದ್ದ ಸಿಗರೇಟಂತೆ," ಎಂದಳು ಗೌರಿ. "ಸೆಲ್ವೆನ್ ಆರ್ ವರ್ಸದವ್ನಿದ್ದಾಗ ಕಬ್ಬಿನ್ ಲಾರಿ ಮಗುಚಿ ತೀರ್ಕೊಂಡ್ರು."

ನಾನು ಶಿವಗಾಮಿಯ ಹಣೆ ನೋಡಿದೆ. ದಾಸವಾಳ ನೋಡಿದೆ. "ಗಂಡ ಇಲ್ವಾ? ಮತ್ತೆ ಕುಂಕುಮ?" ಎಂದು ಬಾಯಿ ತಪ್ಪಿ ಕೇಳಿದೆ. ಗೌರಿ ಅದನ್ನು ಅವರ ಭಾಷೆಯಲ್ಲಿ ಕೇಳಬಾರದಿತ್ತು, ಕೇಳಿಬಿಟ್ಟಳು.

ಶಿವಗಾಮಿ ಗಹಗಹಿಸಿ ನಕ್ಕು ಹಣೆ ತಟ್ಟಿಕೊಂಡಳು.

"'ಹಣೆ ನಂದೇ ತಾನೆ?' ಅಂತಾರೆ," ಎಂದಳು ಗೌರಿ.

ಇವಳೂ ನನ್ನ ಹಾಗೆಯೇ. ಆದರೆ ಮಗನ ಸಂಬಂಧಕ್ಕೆ ಜಗುಲಿಯಲ್ಲಿ ಮುಂದೆ ಕೂತವಳು ಇವಳು, ಕರೆದವಳು ಇವಳು, ಬಡಿಸಿದವಳು ಇವಳು. ಇವಳ ಹಿಂದೆ ಯಾವ ಬಾವನೂ ಇರಲಿಲ್ಲ. ದಾರಿಯುದ್ದಕ್ಕೂ ಅವಳ ಬೆನ್ನು ನೋಡುತ್ತಾ ನಡೆದೆ.

ಬೇಲಿಯ ಹಣ್ಣು

ಐದನೇ ದಿನ ಬೆಳಿಗ್ಗೆ ತಪ್ಪು ಮಾಡಿದೆ. ಶಿವಗಾಮಿಯ ಹಿತ್ತಲ ಬೇಲಿಗೆ ಒಂದು ಬಳ್ಳಿ ಹಬ್ಬಿತ್ತು. ನೇರಳೆ ಬಣ್ಣದ ಸುಕ್ಕು ಹಣ್ಣು ನೇತಾಡುತ್ತಿತ್ತು. ಪ್ಯಾಶನ್ ಹಣ್ಣಂತೆ. ಹೊಲದಲ್ಲಿ ಓಡಾಡುವಾಗ ಕಾರೆ ಹಣ್ಣೋ ಬಾರೆ ಹಣ್ಣೋ ಕೈಗೆ ಸಿಕ್ಕಿದರೆ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ನನ್ನದು. ಕಿತ್ತೆ, ಉಗುರಲ್ಲಿ ಸೀಳಿದೆ, ಹೀರಿದೆ. ಹುಳಿ, ಸಿಹಿ, ಮಲ್ಲಿಗೆ, ಎಲ್ಲ ಒಟ್ಟಿಗೆ! ಅಷ್ಟು ಪರಿಮಳದ ವಸ್ತು ನನ್ನ ಬಾಯಿಗೆ ಯಾವತ್ತೂ ಬಂದಿರಲಿಲ್ಲ. ಎರಡನೆಯದಕ್ಕೆ ಕೈ ಚಾಚಿದಾಗ ಹಿಂದಿನಿಂದ ಗೌರಿ ಕೂಗಿದಳು.

"ಅವ್ವಾ! ನೆನ್ಸ್ಬುಟ್ಟೆ!"

ಕೈ ಹಾಗೇ ನಿಂತಿತು. ಗೌರಿಯ ಮುಖದಲ್ಲಿ ಎಂಥಾ ಬೆಳಕು! ಓಡಿಬಂದು ನನ್ನ ಸೊಂಟ ತಬ್ಬಿದಳು.

"ಬುಡು ಲೇ. ಇದ್ ಲೆಕ್ಕಕ್ಕಿಲ್ಲ. ಮರ್ತ್ ತಿಂದೆ."

"ಮರ್ತ್ ತಿಂದ್ರೂ ತಿಂದಂಗೆ ತಾನೆ?"

"ದೊಡ್ಡಪ್ಪಂಗೆ ಪೋನ್ ಆಕು," ಎಂದೆ.

ಬಾವ ಕುರಿಗಳ ನಡುವೆ ಇದ್ದರು. ಮ್ಯಾ ಮ್ಯಾ ಸದ್ದಿನಲ್ಲಿ ನಾನು ಕೂಗಿ ಕೂಗಿ ಹೇಳಬೇಕಾಯಿತು. ಬೇಲಿ, ಬಳ್ಳಿ, ಹಣ್ಣು. ಬಾವ ಪಂಚಾಯಿತಿ ಕಟ್ಟೆಯಲ್ಲಿ ಕೂತವರ ಹಾಗೆ ಒಂದೊಂದೇ ಕೇಳಿದರು.

"ಅವ್ರು ಕೊಟ್ರಾ, ನೀನೇ ಕಿತ್ತಾ?"

"ನಾನೇ ಕಿತ್ತೆ ಬಾವ."

"ಒಲೆ ಮ್ಯಾಲೆ ಬಂದಿದ್ದಾ?"

"ಇಲ್ಲ."

"ಉಪ್ಪು ತಾಕಿತ್ತಾ?"

"ಇಲ್ಲ."

"ಅಂಗಾರೆ ಅದು ನೆನ್ಸ್ದಂಗಲ್ಲ. ಗಿಡದ್ದು ಗಿಡಕ್ಕೆ ಸೇರ್ದ್ದು, ಮನೆಗಲ್ಲ. ಬಾಯ್ ಮುಕ್ಕಳ್ಸಿ ಉಗುದ್ಬುಡು. ಕೇಳು, ಹರೂರ್ ಕಡೆ ಒಂದ್ ಉಡ್ಗ ಅವ್ನೆ, ಒಳ್ಳೆ ಕುಳ. ನೀ ಬಾ, ಮಾತಾಡನ."

ಫೋನ್ ಇಟ್ಟೆ. ನನಗೆ ನೆಮ್ಮದಿ ಆಗಬೇಕಿತ್ತು. ತಪ್ಪಿಸಿಕೊಂಡೆ ಅನ್ನಿಸಬೇಕಿತ್ತು. ಆದರೆ ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡೆ. ಮುಕ್ಕಳಿಸದೆ ಚೆಲ್ಲಿದೆ.

ಗೌರಿ ಅಲ್ಲೇ ನಿಂತಿದ್ದಳು. ಕಣ್ಣು ತುಂಬಿತ್ತು. "ಶಿವಗಾಮಿಯಮ್ಮ ಏನಂದ್ಕೊಂಡವ್ರೆ ಗೊತ್ತಾ? 'ನಿಮ್ಮವ್ವಂಗೆ ನಮ್ ಮನೆ ಮೈಲಿಗೆ, ನಮ್ ಲೋಟ ಮೈಲಿಗೆ' ಅಂದ್ರು. ನಿನ್ನೆ ಎಲ್ಲಾ ಲೋಟನೂ ಮೂರ್ ಮೂರ್ ಸಲ ತೊಳುದ್ರು. ನಾನ್ ಏನಂತ ಏಳ್ಲಿ ಅವ್ವಾ?"

ಆ ಕಲ್ಲಿನ ಗುಡ್ಡೆ ಕಟ್ಟಿದವರ ವಂಶದವಳಿಗೆ, ಎಲ್ಲಿಂದಲೋ ಬಂದ ನಾನು, ಅವಳ ಮನೆಯಲ್ಲೇ ಕೂತು, ಅವಳ ಲೋಟ ಮೂರು ಸಲ ತೊಳೆಯುವ ಹಾಗೆ ಮಾಡಿದ್ದೆ.

ಕೊನೆಯ ಭಾನುವಾರ

ಹೊರಡುವ ಹಿಂದಿನ ದಿನ ಹೇಳಿಹೋಗಲು ಅವರ ಮನೆಗೆ ಹೋದೆವು. ಶಿವಗಾಮಿ ಮುತ್ತು ಕೊಡಲಿಲ್ಲ, ಕೈ ಮುಗಿದಳು. ಜಗುಲಿಯ ಮೇಜಿನ ಮೇಲೆ ಹಣ್ಣು ಇರಲಿಲ್ಲ, ಐಸು ಇರಲಿಲ್ಲ. ಒಂದು ಜಗ್ಗಿನಲ್ಲಿ ಬರೀ ನೀರು, ಅದರ ಪಕ್ಕ ಅಂಗಡಿಯಿಂದ ತಂದ ಹೊಸ ಪೇಪರ್ ಲೋಟ ಒಂದು. ಅದು ನನಗೆ.

ಸೆಲ್ವೆನ್ ತಲೆ ಬಗ್ಗಿಸಿ ಉಗುರಿನ ಗ್ರೀಸು ಕೀಳುತ್ತಿದ್ದ. ಗೌರಿ ಸಮುದ್ರದ ಕಡೆ ನೋಡುತ್ತಿದ್ದಳು. ಯಾರಾದರೂ ಮಾತಾಡಲಿ ಎಂದು ಕಾದೆ. ನನ್ನ ಜೀವನವೆಲ್ಲ ಹಾಗೆಯೇ ಕಾದಿದ್ದೇನೆ. ಆಮೇಲೆ ಎದ್ದು ನಿಂತೆ.

"ಗೌರಿ, ಇವ್ರ್ ಅಡಿಗೆ ಮನೆಗ್ ಓಗು. ನೀ ಅಲ್ಲಿ ಹೋಟೆಲಲ್ಲಿ ಮಾಡ್ತೀಯಲ್ಲ, ಅಂಥದ್ ಒಂದ್ ಮಾಡ್ಕೊಂಡ್ ಬಾ. ಸಾರಾಯಿ ಇಲ್ದೆ."

ಗೌರಿ ತಿರುಗಿದಳು. "ಯಾರ್ಗೆ?"

"ನಂಗೆ ಕಣೆ."

ಅವಳು ನನ್ನ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಶಿವಗಾಮಿ ಏನಾಗುತ್ತಿದೆ ಎಂದು ತಿಳಿಯದೆ ನನ್ನ ಪಕ್ಕದಲ್ಲಿ ಬಂದು ನಿಂತಳು. ಗೌರಿ ತೆಂಗಿನ ಹಾಲು ಹಿಂಡಿದಳು, ಶುಂಠಿ ಜಜ್ಜಿದಳು, ನಿಂಬೆ, ಅನಾನಸ್, ಕಬ್ಬಿನ ಪಾಕ. ಹೋಟೆಲಿನಲ್ಲಿ ಒಂದು ಹನಿ ಚೆಲ್ಲದವಳು ಇಲ್ಲಿ ಅರ್ಧ ಪಾಕವನ್ನು ಕಟ್ಟೆ ಮೇಲೆ ಚೆಲ್ಲಿದಳು. ಹೋಟೆಲಿನ ಹಾಗೆ ಕುಲುಕುವ ಜೋಡಿ ಲೋಟ ಇ‌ರಲಿಲ್ಲ. ಒಂದು ಹಾಲಿನ ಡಬ್ಬಕ್ಕೆ ತಟ್ಟೆ ಮುಚ್ಚಿ ಕುಲುಕಿದಳು.

"ತಡಿ. ಉಪ್ಪ್ ಆಕು," ಎಂದೆ.

"ಇದ್ಕಾ? ಇದ್ಕೆ ಉಪ್ಪ್ ಆಕಲ್ಲ ಅವ್ವಾ."

"ಆಕು ಅಂದ್ನಲ್ಲ."

ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಮೂಗು ಒರೆಸಿಕೊಂಡು ಶಿವಗಾಮಿಯ ಉಪ್ಪಿನ ಡಬ್ಬಿಯಿಂದ ಒಂದು ಚಿಟಿಕೆ ಹಾಕಿ, ಮತ್ತೆ ಕುಲುಕಿ, ಶಿವಗಾಮಿಯ ಗಾಜಿನ ಲೋಟಕ್ಕೆ ಸುರಿದು ನನ್ನ ಕೈಗೆ ಕೊಟ್ಟಳು.

ಎಲ್ಲರೂ ನೋಡುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ. ಅದು ಒಂದು ಆಶ್ಚರ್ಯ. ಕುಡಿದೆ. ಮೊದಲು ತಣ್ಣಗೆ, ಆಮೇಲೆ ಸಿಹಿ, ಅದರ ಹಿಂದೆ ಶುಂಠಿಯ ಖಾರ, ಎಲ್ಲಕ್ಕಿಂತ ಕೊನೆಗೆ ಉಪ್ಪು ಬಂದು ಎಲ್ಲವನ್ನೂ ಹಿಡಿದು ನಿಲ್ಲಿಸಿತು. ಇಷ್ಟು ವರ್ಷ ಎಷ್ಟೋ ಬಾಯಿಗೆ ರುಚಿ ನೋಡಿ ಬಡಿಸಿದ್ದೇನೆ. ನನಗಾಗಿ ನನ್ನ ಮಗಳು ಕುಲುಕಿ ಕೊಟ್ಟ ಅಂಥದ್ದು ಇನ್ನೊಂದಿಲ್ಲ. ತಳದವರೆಗೂ ಕುಡಿದು ಐಸನ್ನೂ ಕಡಿದೆ.

"ಬೋಂ?" ಎಂದಳು ಶಿವಗಾಮಿ, ಮೆಲ್ಲಗೆ. ಚೆನ್ನಾಗಿದೆಯಾ ಎಂದು ಅವರ ಮಾತು.

"ಬೋಂ," ಎಂದೆ ನಾನು.

ಗೌರಿ ಅಳುತ್ತಲೇ ಅವಳಿಗೆ ನಮ್ಮ ಪದ್ಧತಿಯನ್ನು ಬಿಡಿಸಿ ಹೇಳಿದಳು. ಮೊದಲ ದಿನದಿಂದ, ಎಲ್ಲವನ್ನೂ. ಶಿವಗಾಮಿ ಬಾಯಿ ತೆರೆದು ಕೇಳಿದಳು. ಕೇಳಿ ಮುಗಿದ ಮೇಲೆ ಪೇಪರ್ ಲೋಟ ಮುದುರಿ ಬಿಸಾಡಿ, ಬೇಲಿಯ ಹತ್ತಿರ ಓಡಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಏನೋ ಕೂಗಿದಳು. ಆಮೇಲೆ ಹಲಗೆಯಿಂದ ಅನಾನಸ್ ಭರಣಿ ಇಳಿಸಿ ತನಗೆ ಒಂದು ಲೋಟ ಬಗ್ಗಿಸಿಕೊಂಡು, ಕುಡಿಯಲೇ ಎಂದು ನನ್ನ ಕಡೆ ನೋಡಿದಳು. ಕುಡಿ ಎಂದು ತಲೆ ಆಡಿಸಿದೆ. ಸೆಲ್ವೆನ್ ಬಂದು ನನ್ನ ಕಾಲಿಗೆ ಬಿದ್ದ. ಅದನ್ನು ಗೌರಿ ಯಾವಾಗ ಹೇಳಿಕೊಟ್ಟಿದ್ದಳೋ.

ಜನ ಸೇರುವ ಮುಂಚೆ ನಾನೇ ಫೋನ್ ತೆಗೆದುಕೊಂಡೆ. ಬಾವನಿಗೆ ನಾನಾಗಿ ಫೋನ್ ಒತ್ತಿದ್ದು ಅದೇ ಮೊದಲು.

"ಬಾವ, ಕೈ ನೆನ್ಸ್ಬುಟ್ಟೆ," ಎಂದೆ.

ಆ ಕಡೆ ಬಹಳ ಹೊತ್ತು ಕುರಿಗಳ ಸದ್ದೇ ಕೇಳಿತು. ಬೈಯುತ್ತಾರೆ ಎಂದು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡೆ.

"ಏನ್ ಕೊಟ್ರು?" ಎಂದರು ಕೊನೆಗೆ.

"ಅವ್ರ್ ಕೊಟ್ಟಿದ್ದಲ್ಲ. ನಮ್ ಗೌರಿ ಮಾಡಿದ್ಲು, ಅವ್ರ್ ಮನೇಲಿ."

"ಏನಂತಾರೆ ಅದ್ಕೆ?"

ಗೌರಿಯನ್ನು ಕೇಳಿದೆ. ಅವಳು ಅಳು ನಗು ಎರಡೂ ಸೇರಿದ ದನಿಯಲ್ಲಿ, "ಇನ್ನೂ ಹೆಸ್ರಿಟ್ಟಿಲ್ಲ ಅನ್ನು," ಎಂದಳು.

"ಹೆಸ್ರಿಲ್ವಂತೆ ಬಾವ."

ಬಾವ ಒಂದು ಕುರಿಯನ್ನು ಗದರಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಉಪ್ಪಿತ್ತಾ?"

"ಇತ್ತು ಬಾವ. ನಾನೇ ಆಕ್ಸ್ದೆ."